ತಟ್ಟೆಯಲ್ಲುಳಿದ ಬಳೆಗಳು

ಸರೋಜಮ್ಮ ತಟ್ಟೆಯಿಂದ ಒಂದು ಹಿಡಿ ಹಸಿರು ಬಳೆ ಎತ್ತಿಕೊಂಡರು. ನಿವೇದಿತಾ ಚಾಚಿದ ಕೈಯನ್ನು ನೋಡಿದರು, ಮತ್ತೆ ಬಳೆಗಳನ್ನು ತಟ್ಟೆಯಲ್ಲೇ ಇಟ್ಟರು. ಇಟ್ಟಿದ್ದು ಎಷ್ಟು ನಾಜೂಕಾಗಿ ಎಂದರೆ ಗಾಜಿಗೆ ಗಾಜು ತಾಗಿದ ಸದ್ದು ಕೂಡ ಆಗಲಿಲ್ಲ.

"ಸೈಜ್ ಸಣ್ಣದಾಯ್ತು ಅನ್ಸತ್ತೆ ನಿವೇದಿತಾ. ಬಲವಂತ ಮಾಡಿ ಒಡೆದುಗಿಡೆದು ಹೋದ್ರೆ, ಇವತ್ತಿನ ದಿನ ಅದೆಲ್ಲ ಯಾಕೆ? ಆಮೇಲೆ ನಿಧಾನಕ್ಕೆ ನೀವೇ ಹಾಕ್ಕೊಳ್ಳಿ."

ಹೀಗೆಂದವರು ಬೆರಳ ತುದಿಯಲ್ಲಿ ಒಂದಿಷ್ಟು ಕುಂಕುಮ ತೆಗೆದು ಅವಳ ಹಣೆಗೆ ಇಟ್ಟೂ ಇಡದ ಹಾಗೆ ಇಟ್ಟು, ತಲೆಯ ಮೇಲೆ ಅಕ್ಷತೆ ಹಾಕಿ, ಫೋಟೋ ತೆಗೆಯುತ್ತಿದ್ದ ಅವಳ ಗಂಡ ಸಂಗಮೇಶನ ಕಡೆ ತಿರುಗಿ ನಕ್ಕು ಪಕ್ಕಕ್ಕೆ ಸರಿದರು. ನಿವೇದಿತಾ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಏಳು ತಿಂಗಳ ಹೊಟ್ಟೆಯ ಮುಂದೆ ಮಡಿಲೆಂದು ಉಳಿದಿದ್ದು ಅಷ್ಟರಲ್ಲೇ ಇತ್ತು. ಅತ್ತೆ ಮಲ್ಲವ್ವ ಗದಗಿನಿಂದ ತಂದಿದ್ದ ಹಸಿರು ಇಲಕಲ್ ಸೀರೆ, ಡಾಲಸ್ ಪಕ್ಕದ ಅರ್ವಿಂಗ್‌ನ ಅಂಗಡಿಯ ಫ್ರಿಜ್ಜಿನಿಂದ ತಂದ ಮಲ್ಲಿಗೆ ದಂಡೆ, ಹಣೆಗೆ ಕುಂಕುಮ, ಎಲ್ಲವೂ ಇದ್ದವು. ಕೈಗಳು ಮಾತ್ರ ಬೋಳಾಗಿದ್ದವು. ಬೋಳು ಕೈಯಲ್ಲೇ ಕೂರಬೇಕು, ಬಂದ ಮುತ್ತೈದೆಯರು ಒಬ್ಬೊಬ್ಬರಾಗಿ ಬಳೆ ತೊಡಿಸಬೇಕು. ಅದೇ ಕುಬಸ. ಮೈಸೂರು ಕಡೆಯವರು ಅದನ್ನು ಸೀಮಂತ ಎನ್ನುತ್ತಾರೆ.

ಈ ಕುಬಸ ಬೇಕೆಂದು ಬಾಯಿಬಿಟ್ಟು ಕೇಳಿದ್ದು ನಿವೇದಿತಾಳೇ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಒಂದು ಹಬ್ಬಕ್ಕೆ ಒಂದು ಸೀರೆ ಕೇಳಿದವಳಲ್ಲ. ಪಿಯುಸಿ ಓದುವಾಗಲೇ ಅವಳ ತಾಯಿ ತೀರಿಹೋಗಿದ್ದರು. ಆಮೇಲೆ ಧಾರವಾಡದ ಆ ಮನೆಯಲ್ಲಿ ಅಪ್ಪ, ಇಬ್ಬರು ಅಣ್ಣಂದಿರು, ಇವಳು. ತಲೆ ಬಾಚುವವರಿಲ್ಲದೆ ಕೂದಲು ಕತ್ತರಿಸಿಕೊಂಡಳು, ಅಣ್ಣನ ಮೋಟರ್‌ಸೈಕಲ್ ಓಡಿಸಿದಳು, ಗಟ್ಟಿಗಿತ್ತಿ ಎಂದು ಹೆಸರು ತೆಗೆದುಕೊಂಡಳು. ಆದರೆ ಸಣ್ಣವಳಿದ್ದಾಗ ಓಣಿಯಲ್ಲಿ ನೋಡಿದ ಒಂದು ಕುಬಸ ಅವಳ ಮನಸ್ಸಿನಿಂದ ಹೋಗಿರಲಿಲ್ಲ. ಬಸುರಿಯ ಕೈಯನ್ನು ಒಬ್ಬಾಕೆ ತೊಡೆಯ ಮೇಲೆ ಇಟ್ಟುಕೊಂಡು ಹಿಸುಕಿ, ಗೆಣ್ಣು ಒತ್ತಿ, ಹುಡುಗಾಟದ ಮಾತಾಡುತ್ತ ಬಳೆ ಏರಿಸುತ್ತಿದ್ದಳು. ಸುತ್ತಲಿದ್ದ ಹೆಂಗಸರೆಲ್ಲ ಬಾಗಿ ಆ ಕೈಯನ್ನೇ ನೋಡುತ್ತಿದ್ದರು. ತನ್ನ ಕೈಯನ್ನೂ ಯಾರಾದರೂ ಹಾಗೆ ಹಿಡಿದುಕೊಳ್ಳಬೇಕು ಎಂಬ ಆಸೆ ಇಷ್ಟು ವರ್ಷಗಳ ಮೇಲೆ, ಈ ಊರಿನಲ್ಲಿ, ನಾಚಿಕೆಯಾಗುವಷ್ಟು ಜೋರಾಗಿ ಎದ್ದಿತ್ತು. ಊಟ, ಫೋಟೋ, ಹಿಂದೆ ಕಟ್ಟಿದ ಪ್ಲಾಸ್ಟಿಕ್ ಬಾಳೆಯೆಲೆ, ಇವೆಲ್ಲ ಸಂಗಮೇಶನ ಉಸಾಬರಿ. ಅವಳಿಗೆ ಬೇಕಾಗಿದ್ದು ಅದೊಂದೇ.

ಆ ಕೈ ದಿನವೂ ಏನು ಕೆಲಸ ಮಾಡುತ್ತದೆ ಎನ್ನುವುದು ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆ ಮನೆಯ ನಡುಕೋಣೆಯಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ, ಎಲ್‌ಬಿಜೆ ಫ್ರೀವೇ ಬದಿಗಿರುವ ಫ್ಯೂನರಲ್ ಹೋಮ್‌ನಲ್ಲಿ ಅವಳಿಗೆ ಕೆಲಸ. ಡಾಲಸ್ ಸುತ್ತಮುತ್ತ ಕನ್ನಡದವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಫೋನ್ ಬರುವುದು ಅವಳಿಗೆ. ವ್ಯಾನ್ ತೆಗೆದುಕೊಂಡು ಹೋಗುವವಳು ಅವಳು, ಹೆಣ ಇಳಿಸಿ ತರುವವಳು ಅವಳು, ಸ್ನಾನ ಮಾಡಿಸಿ ಪಂಚೆಯನ್ನೋ ಸೀರೆಯನ್ನೋ ಉಡಿಸಿ, ಪುರೋಹಿತರಿಗೆ ಜಾಗ ಮಾಡಿಕೊಟ್ಟು, ಕೊನೆಗೆ ಹೆಣ ಸುಡುವ ಕುಲುಮೆಯ ಬಾಗಿಲು ತೆರೆದು, ಬಟನ್ ಎಲ್ಲಿದೆ ಎಂದು ಮಗನಿಗೆ ತೋರಿಸುವವಳೂ ಅವಳೇ. ಕೋವಿಡ್ ವರ್ಷದಲ್ಲಿ ಕನ್ನಡ ಸಂಘದ ವಾಟ್ಸಾಪ್‌ನಲ್ಲಿ ಯಾರೋ ಅತ್ತುಕೊಂಡು ಸಹಾಯ ಕೇಳಿದಾಗ, ಗಂಡನ ವೀಸಾದ ಮೇಲೆ ಮನೆಯಲ್ಲಿ ಕೂತಿದ್ದ ಇವಳು ನಾನು ಹೋಗುತ್ತೇನೆ ಅಂದಿದ್ದಳು. ಕೆಲಸದ ಪರ್ಮಿಟ್ ಬಂದ ಮೇಲೆ ಕಮ್ಯುನಿಟಿ ಕಾಲೇಜಿನಲ್ಲಿ ಅದನ್ನೇ ಓದಿ ಲೈಸೆನ್ಸ್ ತೆಗೆದುಕೊಂಡಳು. ಹೆಂಗಸರು ಸ್ಮಶಾನದ ದಾರಿಯನ್ನೇ ತುಳಿಯಬಾರದು ಎನ್ನುವ ಮನೆತನಗಳ ನಡುವೆ ಅವಳೊಬ್ಬಳು ದಿನಾ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಂಡು ಅಲ್ಲಿಗೇ ಹೋಗುತ್ತಿದ್ದಳು.

ಆ ಕೆಲಸಕ್ಕೆ ಒಂದು ಮೈಕಟ್ಟು ಬೇಕು, ಒಂದು ಮುಖ ಬೇಕು. ಎರಡನ್ನೂ ಅವಳು ಕಷ್ಟಪಟ್ಟು ಸಂಪಾದಿಸಿದ್ದಳು. ಬಾಗಿಲು ತೆರೆದವರು ಅವಳ ಹಿಂದೆ ಮುಂದೆ ನೋಡಿ ಜೆಂಟ್ಸ್ ಯಾರೂ ಬಂದಿಲ್ವಾ ಎಂದು ಕೇಳಿದಾಗ ಬೇಜಾರು ಮಾಡಿಕೊಳ್ಳದೆ ಸ್ಟ್ರೆಚರ್ ಬಿಚ್ಚಲು ಕಲಿತಳು. ದನಿ ತಗ್ಗಿಸಿದಳು, ಅಳುವವರ ಮುಂದೆ ಅಳದಿರಲು ಕಲಿತಳು. ಗಂಡ ಹೋದವಳೊಬ್ಬಳು ಇವಳ ಹಣೆ ನೋಡಿ ಬಿಕ್ಕಿ ಅತ್ತ ದಿನದಿಂದ ಕೆಲಸಕ್ಕೆ ಹೋಗುವಾಗ ಕುಂಕುಮ ಬಿಟ್ಟಳು. ಗ್ಲೋವ್ಸ್ ಹರಿಯುತ್ತದೆಂದು ಬಳೆ, ಉಂಗುರ ಬಿಟ್ಟಳು. ಉಗುರು ಮಾಂಸದವರೆಗೆ ಕತ್ತರಿಸಿದಳು. ಹೋಗುತ್ತ ಹೋಗುತ್ತ ಕನ್ನಡಿಯಲ್ಲಿ ಕಪ್ಪು ಕೋಟಿನ ಒಬ್ಬ ಮನುಷ್ಯ ಕಾಣತೊಡಗಿದ. ಆ ಮನುಷ್ಯನ ಮೇಲೆ ಅವಳಿಗೆ ಹೆಮ್ಮೆಯೇ ಇತ್ತು, ಸುಳ್ಳೇಕೆ ಹೇಳಬೇಕು. ಸಂಜೆ ಮನೆಗೆ ಬಂದ ಮೇಲೆ ಅವನನ್ನು ಎಲ್ಲಿ ಬಿಚ್ಚಿಡಬೇಕು ಎನ್ನುವುದೊಂದು ತಿಳಿಯುತ್ತಿರಲಿಲ್ಲ.

ಸರೋಜಮ್ಮನ ಮಾವ ವೆಂಕಟಗಿರಿಯವರು ತೀರಿಕೊಂಡಿದ್ದು ಸೌತ್‌ಲೇಕ್‌ನ ಅರಮನೆಯಂಥ ಮನೆಯ ಮಹಡಿಯಲ್ಲಿ. ಭಾರಿ ಆಳು. ಮೆಟ್ಟಿಲುಗಳು ಬಳುಕಿಕೊಂಡು ಕೆಳಗಿಳಿಯುತ್ತಿದ್ದವು, ಸ್ಟ್ರೆಚರ್ ತಿರುಗುತ್ತಿರಲಿಲ್ಲ. ಮನೆಯಲ್ಲಿ ದೃಢಕಾಯದ ಗಂಡಸರು ನಾಲ್ಕೈದು ಮಂದಿ ಇದ್ದರು, ಎಲ್ಲರೂ ಗೋಡೆಗೆ ಒತ್ತಿ ದಾರಿ ಬಿಟ್ಟರು. ಕಾಲ ಕಡೆ ನಿವೇದಿತಾ, ತಲೆ ಕಡೆ ಅವಳ ಜೊತೆ ಕೆಲಸ ಮಾಡುವವನು, ಇಬ್ಬರೇ ಇಳಿಸಿದರು. ಅವತ್ತು ಸರೋಜಮ್ಮ ಕಣ್ಣೊರೆಸಿಕೊಂಡು, ಗಂಡುಮಗನ ಹಾಗೆ ಮಾಡಿದ್ರಿ ನೀವು, ಎಂದಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಲ್ಲಿ ಇರಲಿಲ್ಲ. ನಿವೇದಿತಾ ಅದನ್ನು ಹಾಗೆಯೇ ತೆಗೆದುಕೊಂಡಿದ್ದಳು. ಆದರೆ ಗಂಡುಮಗನ ಕೈಗೆ ಬಳೆ ತೊಡಿಸುವವರು ಯಾರು?

ಇದರ ಮೇಲೆ ಸಂಗಮೇಶ ಒಂದು ಎಡವಟ್ಟು ಮಾಡಿಟ್ಟಿದ್ದ. ಅವನು ಸಾಫ್ಟ್‌ವೇರ್‌ನವನು, ಕಂಪ್ಯೂಟರಿನ ಮುಂದೆ ಜಾಣ. ಕನ್ನಡದ ಹೆಂಗಸರ ನಂಬರೆಲ್ಲ ಹೆಂಡತಿಯ ಕೆಲಸದ ಫೋನಿನಲ್ಲೇ ಇವೆಯಲ್ಲ ಎಂದು, ತೊಟ್ಟಿಲು, ಬಳೆ, ನಗುವ ಮಗುವಿನ ಚಿತ್ರ ಹಾಕಿದ ಆಮಂತ್ರಣವನ್ನು ಅದರಿಂದಲೇ ಎಲ್ಲರಿಗೂ ಕಳಿಸಿದ. ಎಷ್ಟೋ ಮನೆಗಳಲ್ಲಿ ಆ ನಂಬರು ಫ್ಯೂನರಲ್ ಹೋಮ್ ಎಂದೇ ಸೇವ್ ಆಗಿತ್ತು. ಶುಕ್ರವಾರ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಫೋನ್ ನೋಡಿದರೆ ಫ್ಯೂನರಲ್ ಹೋಮ್ ಕರೆಯುತ್ತಿದೆ, ದಯವಿಟ್ಟು ಸಕುಟುಂಬ ಬನ್ನಿ ಎಂದು. ಇವತ್ತು ಬಂದ ಕೂಡಲೇ ಸರೋಜಮ್ಮ ಅದನ್ನು ನಗುನಗುತ್ತ ಹೇಳಿದ್ದರು, ನಿಮ್ಮ ನಂಬರ್ ನೋಡಿ ಎದೆ ಧಸಕ್ ಅಂತು ಕಣ್ರೀ ಎಂದು. ಎಲ್ಲರೂ ನಕ್ಕರು. ನಿವೇದಿತಾಳೂ ನಕ್ಕಳು. ಕರೆದವರಲ್ಲಿ ಅರ್ಧದಷ್ಟು ಜನ ಬಂದಿರಲಿಲ್ಲ.

ಬಂದವರನ್ನು ಬಯ್ಯುವ ಹಾಗಿಲ್ಲ. ಒಳ್ಳೆಯ ಜನವೇ. ಒಬ್ಬರು ಚಕ್ಕುಲಿ ಮಾಡಿ ತಂದಿದ್ದರು, ಇನ್ನೊಬ್ಬರು ಮಗುವಿಗೆಂದು ಸ್ವೆಟರ್ ಹೆಣೆದು ತಂದಿದ್ದರು. ಆದರೆ ಸರೋಜಮ್ಮ ಆಡಿದ ಮಾತು ಎರಡನೆಯವರಿಗೆ ಅನುಕೂಲವಾಯಿತು, ಮೂರನೆಯವರ ಹೊತ್ತಿಗೆ ಅದು ಪದ್ಧತಿಯೇ ಆಗಿಹೋಯಿತು. ಬರುವುದು, ಕುಂಕುಮ ಇಡುವುದು, ಬಳೆ ಮುಟ್ಟಿ ನಮಸ್ಕರಿಸಿ ತಟ್ಟೆಯಲ್ಲೇ ಬಿಡುವುದು. ಯಾರೋ ಸೈಜ್ ಚೆಕ್ ಮಾಡಿ ತರಬೇಕಿತ್ತು ಅಂದರು, ಇನ್ಯಾರೋ ಏಳನೇ ತಿಂಗಳಲ್ಲಿ ಕೈ ಊದೋದು ಸಹಜ ಅಂದರು. ಅವಳ ಗೆಣ್ಣುಗಳು ದಪ್ಪಗಾಗಿದ್ದು ನಿಜ, ಬಳೆ ಸಣ್ಣದಿದ್ದದ್ದೂ ನಿಜ. ಅವಳಿಗೆ ಅಳು ಬರುವಂತೆ ಮಾಡಿದ್ದು ಅದೇ. ಸುಳ್ಳಾಗಿದ್ದರೆ ಜಗಳಕ್ಕಾದರೂ ಒಂದು ದಾರಿ ಇರುತ್ತಿತ್ತು.

ಮಲ್ಲವ್ವ ಅಡುಗೆಮನೆಯ ಬಾಗಿಲಲ್ಲಿ ಓಡಾಡುತ್ತಿದ್ದರು. ಸೊಸೆಗೆ ದವಾಖಾನೆಯಲ್ಲಿ ಕೆಲಸ ಎಂದು ಗದಗಿನಲ್ಲೆಲ್ಲ ಹೇಳಿಕೊಂಡು ಬಂದಿದ್ದ ಅವರಿಗೆ, ಇಲ್ಲಿಗೆ ಬಂದು ಇಳಿದ ಮೇಲೆ ನಿಜ ಗೊತ್ತಾಗಿತ್ತು. ಆವತ್ತು ಅವರು ಕೂಗಾಡಲಿಲ್ಲ. ನಮ್ಮಾಗ ಮಣ್ಣ ಕೊಡೂದು ಪದ್ಧತಿ, ನೀ ನೋಡಿದ್ರ ಸುಡಾಕ ನಿಂತೀ, ಎಂದಷ್ಟೇ ಹೇಳಿ ಎದ್ದುಹೋಗಿದ್ದರು. ಆಮೇಲೆ ಆ ಮಾತೇ ತೆಗೆದಿರಲಿಲ್ಲ. ಈಗ ಒಳಗೆ ಯಾರೋ ಮೆಲ್ಲಗೆ, ಇವರು ಕೆಲಸದಿಂದ ಬಂದರೆ ಸೂತಕ ಅದೂ ಇದೂ ಎಲ್ಲ ಹೇಗೆ ನಿಭಾಯಿಸ್ತೀರಿ, ಎಂದು ಕೇಳಿದರು. ಮಲ್ಲವ್ವನ ಉತ್ತರ ಹೊರಗೆ ಕೂತ ನಿವೇದಿತಾಳಿಗೂ ಕೇಳಿಸಿತು.

"ನಮಗ ಸೂತಕ ಇಲ್ರೀ. ಕೊರಳಾಗ ಲಿಂಗ ಐತಿ. ಅಂವ ಮೈಮ್ಯಾಲೆ ಇರೂ ತನಕ ಯಾವ ಮೈಲಿಗಿ?"

ದನಿಯಲ್ಲಿ ಗತ್ತು ಇತ್ತು. ನಿವೇದಿತಾಳಿಗೆ ಎದೆ ತುಂಬಿ ಬಂತು. ಅತ್ತೆ ಈಗ ಹೊರಗೆ ಬರುತ್ತಾರೆ, ತನ್ನ ಮುಂದೆ ಕೂತು ಎಲ್ಲರೂ ನೋಡುವ ಹಾಗೆ ಬಳೆ ಏರಿಸುತ್ತಾರೆ ಎಂದುಕೊಂಡಳು. ಮಲ್ಲವ್ವ ಹೊರಗೆ ಬಂದರು ನಿಜ. ಎರಡೂ ಕೈಯಲ್ಲಿ ಆರತಿ ತಟ್ಟೆ ಇತ್ತು. ಆರತಿ ಎತ್ತಿ, ಸೋಬಾನದ ಎರಡು ಸಾಲು ಹೇಳಿ, ಮೊದಲು ಬಂದವರದಾಗಲಿ ಎಂದು ಒಳಗೆ ಹೋದರು. ಮತ್ತೆ ಬಂದಾಗ ಹೋಳಿಗೆಯ ಪಾತ್ರೆ, ಇನ್ನೊಮ್ಮೆ ಬಂದಾಗ ಎಲೆ ಅಡಿಕೆ. ಆ ಹೊತ್ತಿನಲ್ಲಿ ಅವರ ಕೈ ಖಾಲಿ ಇದ್ದಿದ್ದನ್ನು ನಿವೇದಿತಾ ನೋಡಲೇ ಇಲ್ಲ.

ಇನ್ನು ಉಳಿದಿದ್ದು ಗೆಳತಿ ಅನಘಾ. ಅವಳು ಇನ್ನೂ ಬಂದಿರಲಿಲ್ಲ. ಸೀಡರ್ ಪಾರ್ಕ್‌ನಿಂದ ಮೂರು ತಾಸಿನ ಡ್ರೈವ್, ದಾರಿಯಲ್ಲಿ ಟ್ರಾಫಿಕ್ ಎಂದು ಮೆಸೇಜ್ ಹಾಕಿದ್ದಳು. ನಿವೇದಿತಾ ಬಾಗಿಲನ್ನೇ ನೋಡುತ್ತ ಕೂತಳು. ಇಬ್ಬರೂ ಒಂದೇ ವರ್ಷ ಈ ದೇಶಕ್ಕೆ ಬಂದವರು, ಒಂದೇ ಅಪಾರ್ಟ್‌ಮೆಂಟಿನ ಎದುರುಬದುರು ಮನೆಯಲ್ಲಿದ್ದವರು. ಅನಘಾಳಿಗೆ ಡ್ರೈವಿಂಗ್ ಕಲಿಸಿದ್ದು ನಿವೇದಿತಾ. ನಿವೇದಿತಾಳಿಗೆ ಸಾರು ಮಾಡಲು ಕಲಿಸಿದ್ದು ಅನಘಾ, ಮೈಸೂರಿನ ಸಾರು, ಅದೂ ಫೋನಿನಲ್ಲಿ ಅವಳಮ್ಮನನ್ನು ಕೇಳಿ ಕೇಳಿ. ಹೋದ ವರ್ಷ ಮಗಳನ್ನು ನೋಡಲು ಬಂದ ಆ ಅಮ್ಮ ಸೀಡರ್ ಪಾರ್ಕ್‌ನಲ್ಲೇ ಹೋಗಿಬಿಟ್ಟರು. ಸುದ್ದಿ ಕೇಳಿದ ನಿವೇದಿತಾ ರಜೆ ಹಾಕಿ ಹೋದಳು. ಅಲ್ಲಿಯ ಫ್ಯೂನರಲ್ ಹೋಮ್‌ನವರ ಹತ್ತಿರ ಮಾತಾಡಿ, ಒಬ್ಬಳೇ ಒಳಗೆ ಹೋಗಿ ಆ ತಾಯಿಗೆ ನೀರು ಹಾಕಿದಳು, ತಲೆ ಬಾಚಿದಳು, ಮೈಸೂರು ಸಿಲ್ಕ್ ಉಡಿಸಿದಳು. ಹೊರಗೆ ಬಂದಾಗ ಅನಘಾ ಅವಳ ಹಸಿ ಕೈಗಳೆರಡನ್ನೂ ಹಿಡಿದು ಕೆನ್ನೆಗೆ ಒತ್ತಿಕೊಂಡಿದ್ದಳು. ಯಾರೂ ಯಾರ ಕೈಯನ್ನೂ ಅಷ್ಟು ಹೊತ್ತು ಹಿಡಿದಿದ್ದನ್ನು ನಿವೇದಿತಾ ಕಂಡಿರಲಿಲ್ಲ. ಅವಳು ಬಂದರೆ ಸಾಕಿತ್ತು. ಐದು ಮಂದಿ ಮುತ್ತೈದೆಯರು ಬೇಡ, ಅವಳೊಬ್ಬಳೇ ಸಾಕು.

ಅನಘಾ ಬಂದಾಗ ಅರ್ಧ ಜನ ಊಟಕ್ಕೆ ಕೂತಿದ್ದರು. ಚಪ್ಪಲಿ ಬಿಟ್ಟವಳೇ ಓಡಿಬಂದಳು, ಸಾರಿ ಕಣೇ ಎಂದಳು, ನಿವೇದಿತಾಳ ಕೆನ್ನೆ ಹಿಂಡಿದಳು, ಎಷ್ಟು ಚೆನ್ನಾಗಿ ಕಾಣ್ತಿದೀಯ ಎಂದಳು. ಯಾರೂ ಹೇಳುವ ಮೊದಲೇ ತಟ್ಟೆಗೆ ಕೈ ಹಾಕಿ ಒಂದು ಬಳೆ ಎತ್ತಿ, ಎಡಗೈ ಕೊಡು ಎಂದಳು. ನಿವೇದಿತಾ ಕೊಟ್ಟಳು. ಅನಘಾ ಆ ಕೈಯನ್ನು ಹಿಡಿದುಕೊಂಡಳು, ನಿಜವಾಗಿಯೂ ಹಿಡಿದುಕೊಂಡಳು. ಬೆರಳುಗಳನ್ನು ಒಟ್ಟುಮಾಡಿ ಬಳೆಯನ್ನು ತುದಿಗೆ ತಂದಳು. ಹಾಗೆ ತರುವಾಗ ಕೈಯನ್ನು ನೋಡಿದಳು.

ನೋಡುತ್ತಲೇ ಉಳಿದಳು. ನಿವೇದಿತಾಳಿಗೆ ಅವಳ ಬೆರಳು ತಣ್ಣಗಾಗಿದ್ದು ಗೊತ್ತಾಯಿತು. ಬಳೆ ಗೆಣ್ಣಿನವರೆಗೂ ಬರಲಿಲ್ಲ.

"ಆಗ್ತಿಲ್ಲ ಕಣೇ," ಎಂದಳು ಅನಘಾ. "ನಿನ್ನ ಕೈ ನೋಡಿದ್ರೆ ಅಮ್ಮನ್ನೇ ನೋಡಿದ ಹಾಗಾಗತ್ತೆ. ಕೊನೇಗೆ ಅವ್ರನ್ನ ಮುಟ್ಟಿದ್ದು ಈ ಕೈ. ನಂಗೆ ಆಗ್ತಿಲ್ಲ."

ಬಳೆಯನ್ನು ತಟ್ಟೆಯಲ್ಲಿಟ್ಟು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು. ಶುಭದ ಹೊತ್ತಿನಲ್ಲಿ ಕಣ್ಣೀರು ಹಾಕಬಾರದು ಎಂದು ಸರೋಜಮ್ಮ ಅವಳ ಹಿಂದೆಯೇ ಹೋದರು. ಕಿಟಕಿಯಿಂದ ಕಾಣುತ್ತಿತ್ತು, ಡ್ರೈವ್‌ವೇಯ ಕೆಂಡದಂಥ ಬಿಸಿಲಲ್ಲಿ ಸರೋಜಮ್ಮ ಅವಳ ಬೆನ್ನು ಸವರುತ್ತಿದ್ದರು, ಅನಘಾ ಅವರ ಹೆಗಲಿಗೆ ತಲೆ ಇಟ್ಟು ಅಳುತ್ತಿದ್ದಳು. ನಿವೇದಿತಾ ಎದ್ದು ಹೋಗಿ ಸಮಾಧಾನ ಮಾಡಬೇಕೆಂದುಕೊಂಡಳು. ಅದೇ ಅವಳ ಕೆಲಸ, ಎಷ್ಟೋ ಜನರಿಗೆ ಮಾಡಿದ್ದಾಳೆ. ಇವತ್ತು ಎದ್ದರೆ ಮತ್ತೆ ಆ ಕಪ್ಪು ಕೋಟಿನ ಮನುಷ್ಯನೇ ಎದ್ದು ಹೋದಂತೆ ಎನಿಸಿತು. ಕೂತೇ ಇದ್ದಳು. ಅನಘಾಳ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಯಾರೂ ಸಿಗದೆ ಇರುವುದು ಎಂಥ ಒಂಟಿತನ ಎಂದು ಅವತ್ತೇ ಅವಳಿಗೆ ತಿಳಿದದ್ದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಲ್ಲರೂ ಹೊರಟರು. ತಾಂಬೂಲ ಕೊಟ್ಟಾಯಿತು, ಉಳಿದ ಹೋಳಿಗೆ ಡಬ್ಬಿಗೆ ಹಾಕಿ ಕೊಟ್ಟಾಯಿತು. ಅನಘಾ ಹೋಗುವಾಗ ಬಾಗಿಲಲ್ಲಿ ಅವಳನ್ನು ತಬ್ಬಿಕೊಂಡು ಕಾರು ಹತ್ತಿದಳು. ಸಂಗಮೇಶ ಬಾಡಿಗೆ ಕುರ್ಚಿಗಳನ್ನು ಮಡಚುತ್ತ, ಎಲ್ಲಾ ಭಾಳ ಚಂದ ಆತು ನೋಡು, ಎಂದು ಒಂದೆರಡು ಸಲ ಹೇಳಿದ. ತಟ್ಟೆಯಲ್ಲಿ ರಾಶಿ ಬಿದ್ದ ಬಳೆಗಳನ್ನು ನೋಡಿ, ಇವನ್ಯಾಕ ಹಂಗ ಬಿಟ್ಟೀ, ಹಾಕ್ಕೋಬಾರದೇನು, ಎಂದೂ ಕೇಳಿದ. ಅವಳು ಸುಮ್ಮನೆ ಹೂಂ ಅಂದಳು. ಫೋಟೋಗಳಲ್ಲಿ ಎಲ್ಲರೂ ನಗುತ್ತಿದ್ದರು, ಅವನಾದರೂ ಪಾಪ ಏನು ಕಂಡಾನು. ಕುರ್ಚಿ ವಾಪಸು ಕೊಡಲು ಅವನೂ ಹೋದ. ಮನೆಯಲ್ಲಿ ಎಸಿಯ ಗುಂಯ್ ಸದ್ದೊಂದು ಉಳಿಯಿತು.

ಮಲ್ಲವ್ವ ಗಂಗಾಳದಲ್ಲಿ ಊಟ ಬಡಿಸಿಕೊಂಡು ಬಂದು ಅವಳ ಮುಂದಿನ ಸ್ಟೂಲಿನ ಮೇಲೆ ಇಟ್ಟರು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹೊಟ್ಟೆಯಲ್ಲಿರುವ ಕೂಸು ಏನು ಪಾಪ ಮಾಡಿದೆ, ಉಣ್ಣು ಎಂದರು. ನಿವೇದಿತಾ ಗಂಗಾಳ ಮುಟ್ಟಲಿಲ್ಲ. ಯಾವ ಮನೆಯ ಸಾವಿನಲ್ಲೂ ಒಡೆಯದ ದನಿ ಈಗ ಒಡೆಯಿತು.

"ಅತ್ತ್ಯಾರ, ಒಬ್ಬರೂ ಇಡಸಲಿಲ್ರಿ."

ಮಲ್ಲವ್ವ ಸೀರೆಯ ಅಂಚಿಗೆ ಕೈ ಒರೆಸಿಕೊಂಡರು. ಸಣ್ಣವಾಗಿದ್ದವಲ್ಲ ಎಂದೇನೋ ಶುರು ಮಾಡಿದವರು ಅರ್ಧಕ್ಕೇ ಬಿಟ್ಟರು.

"ನೀವೂ ಇಡಸಲಿಲ್ಲ," ಎಂದಳು ನಿವೇದಿತಾ. ಹೇಳಬಾರದೆಂದು ಬೆಳಗಿನಿಂದ ನುಂಗಿಕೊಂಡಿದ್ದ ಮಾತು ಅದು.

ಅವರು ಅವಳ ಮುಖ ನೋಡಲಿಲ್ಲ. ಎದ್ದು ಒಳಗೆ ಹೋದರು. ಹೋದವರು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡಿದ್ದಳು ನಿವೇದಿತಾ. ಆದರೆ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದುಕೊಂಡು ವಾಪಸು ಬಂದರು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಬಳೆಯ ತಟ್ಟೆಯನ್ನು ಕಾಲ ಹತ್ತಿರ ಇಟ್ಟುಕೊಂಡರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಒಮ್ಮೆ ಸೀರೆಯ ಮೇಲಿಂದಲೇ ಮುಟ್ಟಿ ನೋಡಿಕೊಂಡರು.

"ತಾ ಕೈ," ಎಂದರು.

ಮಲ್ಲವ್ವನ ಅಂಗೈ ಬೆಚ್ಚಗಿತ್ತು, ಒರಟಾಗಿತ್ತು. ಎಣ್ಣೆ ಹಚ್ಚಿ ಬಳೆ ಏರಿಸಲು ನೋಡಿದರು. ಏರಲಿಲ್ಲ. ಒತ್ತಿದರು, ನಿವೇದಿತಾ ಹಲ್ಲು ಕಚ್ಚಿದಳು. ಮೊದಲನೆಯ ಬಳೆ ಪಟ್ ಎಂದು ಎರಡು ಹೋಳಾಯಿತು. ಮಲ್ಲವ್ವ ಬೆಚ್ಚಿ, ಯಾರಾದರೂ ನೋಡಿದರೇನೋ ಎಂಬಂತೆ ಖಾಲಿ ಕೋಣೆಯ ಕಡೆ ಕಣ್ಣು ಹಾಯಿಸಿ, ಚೂರುಗಳನ್ನು ಸ್ಟೂಲಿನ ಕೆಳಗೆ ತಳ್ಳಿದರು. ಎರಡನೆಯದನ್ನು ಹಿಡಿದ ಕೈಯಲ್ಲಿ ಧೈರ್ಯವಿರಲಿಲ್ಲ.

"ಹಂಗಲ್ರಿ," ಎಂದಳು ನಿವೇದಿತಾ. "ಹೆಬ್ಬಟ್ಟ ಒಳಗ ಮಡಚ್ರಿ. ಈ ಗೆಣ್ಣ ಕೆಳಗ ಒತ್ತಿ ಹಿಡೀರಿ. ಬಳಿ ನೂಕಬ್ಯಾಡ್ರಿ, ತಿರುವರಿ. ಮೆಲ್ಲಕ, ತಿರುವಿಕೋತ ಬರ್ರಿ."

ಮಲ್ಲವ್ವ ಹಾಗೆಯೇ ಮಾಡಿದರು. ಬಳೆ ಗೆಣ್ಣಿನ ಮೇಲೆ ಒಂದು ಕ್ಷಣ ನಿಂತು ಸುಯ್ಯೆಂದು ಮಣಿಕಟ್ಟಿಗೆ ಇಳಿಯಿತು. ಅವರ ಮುಖದಲ್ಲಿ ಬೆಳಗಿನಿಂದ ಇಲ್ಲದ ಒಂದು ನಗು ಮೂಡಿತು. ಇನ್ನೊಂದು ಬಳೆ ಎತ್ತಿಕೊಂಡರು. ಹಳಬ ಬಳೆಗಾರರೂ ಇಷ್ಟು ಸಲೀಸಾಗಿ ಏರಿಸುವುದಿಲ್ಲ ಎಂದರು.

"ಯಾರು ಕಲಿಸಿದ್ರು ಇದನ್ನ?"

ಅವ್ವ ಎಂದುಬಿಡಬಹುದಾಗಿತ್ತು. ಯಾವುದೋ ವಿಡಿಯೋ ನೋಡಿದೆ ಎನ್ನಬಹುದಾಗಿತ್ತು. ಆದರೆ ಅತ್ತೆಯ ತೊಡೆಯ ಮೇಲೆ ತನ್ನ ಕೈ ಇತ್ತು. ಆ ಹೊತ್ತಿನಲ್ಲಿ ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ.

"ಹೋದ ಮುತ್ತೈದ್ಯಾರಿಗೆ ಇಡಸ್ತೀವಲ್ರಿ," ಎಂದಳು ಮೆಲ್ಲಗೆ. "ಅವರು ಕೈ ಸಡಲ ಬಿಡೂದಿಲ್ಲ. ಇಡಸಿ ಇಡಸಿ ರೂಢಿ ಆಗೇತಿ."

ಮಲ್ಲವ್ವನ ಕೈ ನಿಂತಿತು. ಬಳೆ ಗೆಣ್ಣಿನ ಮೇಲೆ ಅರ್ಧಕ್ಕೇ ನಿಂತಿತು. ಗಾಜು ಒತ್ತಿದಲ್ಲಿ ಚರ್ಮ ಬೆಳ್ಳಗಾಗಿ ನೋಯುತ್ತಿತ್ತು, ನಿವೇದಿತಾ ಅಲುಗಲಿಲ್ಲ. ಕೈ ಬಿಟ್ಟುಬಿಡುತ್ತಾರೆ, ಈಗ ಬಿಡುತ್ತಾರೆ ಎಂದು ಕಾದಳು. ಹೊಟ್ಟೆಯೊಳಗೆ ಕೂಸು ಒಮ್ಮೆ ಒದ್ದು ಸುಮ್ಮನಾಯಿತು.

ಮಲ್ಲವ್ವ ಬಿಡಲಿಲ್ಲ. ಉಸಿರು ಎಳೆದುಕೊಂಡು ಗೆಣ್ಣು ಒತ್ತಿ ಬಳೆ ತಿರುವಿದರು. ಅದು ಇಳಿಯಿತು. ಇನ್ನೊಂದು ಎತ್ತಿಕೊಂಡರು. ಎಡಗೈ ತುಂಬಿತು, ಬಲಗೈ ತೆಗೆದುಕೊಂಡರು. ಸರೋಜಮ್ಮ ಇಟ್ಟು ಹೋದವು, ಅನಘಾ ಇಟ್ಟು ಹೋದದ್ದು, ಯಾವುದನ್ನೂ ಬಿಡಲಿಲ್ಲ. ಅವರ ಹಣೆಯಲ್ಲಿ ಬೆವರು ಬಂದಿತ್ತು. ನಿವೇದಿತಾ ಆ ಬಾಗಿದ ತಲೆಯನ್ನೇ ನೋಡುತ್ತ ಅಳುತ್ತಿದ್ದಳು. ಅಷ್ಟು ವರ್ಷದ ಆಸೆ ತೀರುತ್ತಿತ್ತು, ಅದಕ್ಕೇ ಅಳು ಎಂದು ತನಗೆ ತಾನೇ ಹೇಳಿಕೊಂಡಳು.

ತಟ್ಟೆ ಖಾಲಿಯಾಯಿತು. ಮಲ್ಲವ್ವ ಎರಡೂ ಕೈಗಳನ್ನು ಜೋಡಿಸಿ ಅವಳ ಮಡಿಲಲ್ಲಿ ಇಟ್ಟು, ಮೊಣಕಾಲು ಹಿಡಿದುಕೊಂಡು ಎದ್ದರು.

"ಚಂದ ಕಾಣತಾವ," ಎಂದರು. ದನಿಯಲ್ಲಿ ಕಪಟವಿರಲಿಲ್ಲ.

ಅಲ್ಲಿಂದ ನೇರ ಬಚ್ಚಲಮನೆಗೆ ಹೋದರು. ಬಾಗಿಲು ಮುಂದೆ ಮಾಡಿಕೊಂಡ ಸದ್ದು, ನಲ್ಲಿ ತಿರುವಿದ ಸದ್ದು ಕೇಳಿಸಿತು. ಎಣ್ಣೆಗೈ, ತೊಳೆದುಕೊಳ್ಳಲೇಬೇಕಲ್ಲ ಎಂದುಕೊಂಡಳು ನಿವೇದಿತಾ. ನೀರು ಹರಿಯಿತು. ಸೋಪಿನ ಬಾಟಲಿ ಒತ್ತಿದ ಸದ್ದು, ಮತ್ತೆ ನೀರು, ಮತ್ತೆ ಸೋಪು. ಎಣ್ಣೆ ಹೋಗುವಷ್ಟು ಹೊತ್ತು ಯಾವಾಗಲೋ ಆಗಿಹೋಗಿತ್ತು. ನೀರು ಮಾತ್ರ ನಿಲ್ಲಲಿಲ್ಲ. ನಿವೇದಿತಾ ಬಳೆ ತುಂಬಿದ ಎರಡೂ ಕೈಗಳನ್ನು ಮಡಿಲಿನಿಂದ ಒಂದಿಷ್ಟು ಮೇಲೆತ್ತಿ, ಸದ್ದಾಗದಂತೆ ಹಿಡಿದುಕೊಂಡು ಕೂತಿದ್ದಳು.